ಕೂಜ ಬಂತು, ನೀಲಿ ಬರಲಿಲ್ಲ

ಕೂಜ ಎಂಬುದು ನಮ್ಮ ಮನೆಗಳಲ್ಲಿ ಬಳಕೆಯಾಗುವ ಮಾತು. ಆದರೆ ಅದು ಪಾರಸಿ ಪದ. 1687ರಲ್ಲಿ ಮೊಗಲರು ಶಿರಾವನ್ನು ಗೆದ್ದು ಪ್ರಾಂತದ ಕೇಂದ್ರವಾಗಿಸಿದಾಗ ಅವರ ಆಡಳಿತದ ಭಾಷೆ ಪಾರಸಿಯೇ ಆಗಿತ್ತು. ಇಂಥ ಎಷ್ಟೋ ಪದಗಳು ಕನ್ನಡದಲ್ಲಿ ನೆಲೆಸಿದವು. ಪರ್ಷಿಯಾದ ಕುಂಬಾರರ ಹೊಳೆಯುವ ನೀಲಿ ಪಾತ್ರೆಯ ಕಸುಬು ಮಾತ್ರ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ತಿಗರಿಗೆ ಬರಲಿಲ್ಲ. 1696ರ ಶಿರಾದ ಜುಮ್ಮಾ ಮಸೀದಿ ಕಡೆದ ಕಲ್ಲಿನದು. ಕರ್ನಾಟಕದಲ್ಲಿ ಆ ನೀಲಿಯನ್ನು ಕಾಣಬೇಕಾದರೆ ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮಿನಾರಿನತ್ತ ಕತ್ತೆತ್ತಬೇಕು.

ಹಾಗಾದರೆ ಈ ಸೀಮೆಯಲ್ಲಿ ಪರ್ಷಿಯಾದ ಮಾದರಿಯ ಚಹಾ ಕೂಜವನ್ನೂ ಬಟ್ಟಲುಗಳನ್ನೂ ಮಾಡಲು ಸಾಧ್ಯವೇ?

ಕಾಶಾನದ ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲಿ ಬರೆದಿಟ್ಟ ಪಾಕ ಇದು: ಬೆಣಚುಕಲ್ಲಿನ ಪುಡಿ 10 ಪಾಲು, ಗಾಜಿನ ಪುಡಿ 1 ಪಾಲು, ಬಿಳಿ ಜೇಡಿ 1 ಪಾಲು. ಚೀನದ ಪಿಂಗಾಣಿಗೆ ಬೇಕಾದ ಮಣ್ಣು ತಮ್ಮಲ್ಲಿ ಇಲ್ಲದಾಗ ಅವರು ಕಲ್ಲಿನಿಂದಲೇ ಬಿಳುಪನ್ನು ಪಡೆದರು. ಬೆಣಚುಕಲ್ಲಿಗೆ ನಮ್ಮ ಗುಡ್ಡಗಳಲ್ಲಿ ಬರವಿಲ್ಲ. ಗಾಜಿನ ವಿದ್ಯೆಯೂ ದೂರದ್ದಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಬಳೆಗಾಜು ಕಾಯಿಸುವವರು ಸೌಳನ್ನೂ ಬಿಳಿ ಬೆಣಚಿನ ಪುಡಿಯನ್ನೂ ಕರಗಿಸುತ್ತಿದ್ದುದನ್ನು 1800-01ರಲ್ಲಿ ಸಂಚರಿಸಿದ ಬುಕಾನನ್ ದಾಖಲಿಸಿದ್ದಾನೆ. ಪರ್ಷಿಯಾದಲ್ಲಿ ಕುಂಬಾರನ ಕೈಯೂ ಗಾಜುಗಾರನ ಒಲೆಯೂ ಒಂದಾದವು. ಇಲ್ಲಿ ಅವು ನೆರೆಹೊರೆಯಲ್ಲಿದ್ದೂ ಬೇರೆಯಾಗಿಯೇ ಉಳಿದವು.

ಕೆರೆಯ ಕೆಂಪು ಜೇಡಿಯ ಮೇಲೆ ಈ ನೀಲಿ ಮೆರುಗು ಸರಿಯಾಗಿ ನಿಲ್ಲದು. ಆರುವಾಗ ಮೆರುಗು ಹೆಚ್ಚು ಕುಗ್ಗಿ ಬಿರುಕು ಬಿಡುತ್ತದೆ, ಚಹಾ ಒಳಗಿಳಿಯುತ್ತದೆ. ಬೆಣಚಿನ ಮೈಯಾದರೆ ಮೆರುಗಿನೊಡನೆ ಹೊಂದಿಕೊಳ್ಳುತ್ತದೆ. ಆದರೆ ಅದಕ್ಕೆ ಜಿಗುಟು ಕಡಿಮೆ. ತಿಗರಿಯಲ್ಲಿ ಎತ್ತಿದರೆ ಕುಸಿಯುತ್ತದೆ. ಆದ್ದರಿಂದ ಸ್ವಲ್ಪ ಅಂಟು ಬೆರೆಸಿ, ಎರಡು ಹೋಳಿನ ಅಚ್ಚಿನಲ್ಲಿ ಒತ್ತಿ ಕೂಡಿಸುವುದು ಸುಲಭ. ಕೊಳವೆಯ ತುದಿ ಕೂಜದ ಬಾಯಿಗಿಂತ ಕೆಳಗಿರಬಾರದು. ಇದ್ದರೆ ತುಂಬುವಾಗಲೇ ಚಹಾ ಚೆಲ್ಲುತ್ತದೆ. ಮೈ ಅರೆ ಒಣಗಿರುವಾಗಲೇ ಕೊಳವೆ, ಹಿಡಿಗಳನ್ನು ಕೂಡಿಸಬೇಕು.

ನೀಲಿಯ ಗುಟ್ಟು ತಾಮ್ರ. ಸೌಳಿನ ಗಾಜಿನಲ್ಲಿ ಅದು ಆಕಾಶದ ಬಣ್ಣ ತಾಳಿದರೆ, ಸೀಸದ ಗಾಜಿನಲ್ಲಿ ಹಸಿರಾಗುತ್ತದೆ. ಇಲ್ಲಿಯೇ ಎಚ್ಚರ ಬೇಕು. ಹಳೆಯ ಕುಂಬಾರರು ಸೀಸವನ್ನೂ ಬಳಸುತ್ತಿದ್ದರು. ಲಿಂಬೆಯ ಹುಳಿಗೆ ಸೀಸ ಬಿಟ್ಟುಕೊಂಡು ಕುಡಿಯುವವರ ಹೊಟ್ಟೆ ಸೇರುತ್ತದೆ. ಮಕ್ಕಳಿಗಂತೂ ಅದು ವಿಷವೇ ಸರಿ. ತಾಮ್ರದ ಮೆರುಗು ಹೊರಮೈಗಷ್ಟೇ ಇರಲಿ. ಒಳಮೈಗೆ ಸೀಸವೂ ತಾಮ್ರವೂ ಇಲ್ಲದ, ಪರೀಕ್ಷೆಯಾದ ಮೆರುಗು ಬೇಕು. ಬೆಣಚನ್ನು ಒಣದಾಗಿ ಅರೆಯಲೂ ಬಾರದು. ಆ ಧೂಳು ಶ್ವಾಸಕೋಶವನ್ನೇ ತಿನ್ನುತ್ತದೆ. ನೀರು ಬೆರೆಸಿಯೇ ಅರೆಯಬೇಕು.

ಪ್ಲಾಸ್ಟಿಕ್ ಕೊಡ ಬಂದ ಮೇಲೆ ಮಡಕೆಯ ಬೇಡಿಕೆ ಕುಗ್ಗಿತು. ಬೇಸಿಗೆಯ ಕೂಜ, ದೀಪಾವಳಿಯ ಹಣತೆಗಳಷ್ಟರಿಂದಲೇ ಒಂದು ಕುಟುಂಬ ವರ್ಷವಿಡೀ ಬಾಳುವುದು ಕಷ್ಟ. ಒಂದು ಚಹಾ ಕೂಜ, ಆರು ಬಟ್ಟಲುಗಳ ಜೋಡಿಗೆ ಸಿಗುವ ಬೆಲೆ ಮಡಕೆಗೆ ಸಿಗದು. ಕಲ್ಲು ಕಾಲಡಿಯಲ್ಲೇ ಇದೆ, ಕೈಯಲ್ಲಿ ಕಸುಬೂ ಇದೆ. ಕೂಡಬೇಕಾದದ್ದು ಬಳೆಗಾರನ ಬೆಂಕಿ.