ತಮಟೆಗೊಂದು ತೇಪೆ

ಬೆಳಗಿನ ಒಂಬತ್ತಕ್ಕೆಲ್ಲ ಕೋಲಾರದ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯ ಬೆಂಚುಗಳು ತುಂಬಿರುತ್ತವೆ. ಮುಳಬಾಗಿಲಿನ ಮೊದಲ ಬಸ್ಸಿಗೆ ಬಂದವರು, ಶ್ರೀನಿವಾಸಪುರದ ತೋಪಿನಿಂದ ಕೈಮೇಲಿನ ಮಾವಿನ ಸೊನೆ ಕಲೆಯ ಸಮೇತ ಎದ್ದು ಬಂದವರು, ಮಾಲೂರಿನ ಹೆಂಚಿನ ಕಾರ್ಖಾನೆಯವರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಕಿವಿಗೆ ಹತ್ತಿಯುಂಡೆ ಸಿಕ್ಕಿಸಿಕೊಂಡ ಅಜ್ಜಿಯ ಪಕ್ಕ ಕೂತರೆ, ಸ್ಪಿರಿಟ್ಟಿನ ನಾತವನ್ನೂ ಮೀರಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯ ವಾಸನೆ. ‘ಸಣ್ಣೋಳಿದ್ದಾಗ್ಲಿಂದ ಸೋರ್ತೈತೆ’ ಅನ್ನುತ್ತದೆ ಅಜ್ಜಿ, ಕಿವಿಯಲ್ಲ, ಮಳೆಗಾಲದ ಸೂರು ಸೋರುತ್ತಿದೆ ಎನ್ನುವ ಧಾಟಿಯಲ್ಲಿ.

ಹೀಗೆ ಸೋರುವ ಕಿವಿಯ ತಮಟೆಗೆ ಬಿದ್ದ ತೂತಿಗೆ ಹಾಕುವ ತೇಪೆ ಎಲ್ಲಿಂದಲೋ ಬರುವುದಲ್ಲ, ರೋಗಿಯ ಮೈಯಲ್ಲೇ ಇರುತ್ತದೆ. ಕಣತಲೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ. ಅಲ್ಲಿ ಉಬ್ಬುವ ಸ್ನಾಯುವಿಗೆ ಹೊದಿಸಿದ ಬಿಳಿ ಪೊರೆಯೇ ಟೆಂಪೊರಾಲಿಸ್ ಫೇಸಿಯಾ. ಕಿವಿಯ ಹಿಂದೆ ಕೊಯ್ದು ತೆಗೆದಾಗ ಅದು ಮೊಟ್ಟೆಯ ಒಳಪೊರೆಯಂತೆ ಒದ್ದೆಯಾಗಿ ಜೋತಾಡುತ್ತದೆ. ಗಾಜಿನ ತುಂಡಿನ ಮೇಲೆ ಹರಡಿ, ಅಂಟಿದ ಮಾಂಸದ ಚೂರುಗಳನ್ನು ಹೆರೆದು, ದೀಪದಡಿ ಒಣಗಲು ಬಿಟ್ಟರೆ ಸ್ವಲ್ಪ ಹೊತ್ತಿಗೆ ಬೆಣ್ಣೆ ಕಾಗದದ ಹಾಗೆ ಸೆಟೆದುಕೊಳ್ಳುತ್ತದೆ. ಜಾತ್ರೆಯಲ್ಲಿ ತಮಟೆಯವರು ಹುಲ್ಲುರಿಗೆ ಚರ್ಮ ಕಾಯಿಸಿಕೊಳ್ಳುವುದು ನನಗೆ ನೆನಪಾಗುವುದು ಇಲ್ಲೇ.

ಆಮೇಲೆ ಮೈಕ್ರೋಸ್ಕೋಪಿನಡಿ ತೂತಿನ ಅಂಚನ್ನು ಕೆರೆದು ಹಸಿಮಾಡುತ್ತಾರೆ. ಹಳೆಯ ಗಾಯ ಹಸಿಯಾದರೇ ಕೂಡಿಕೊಳ್ಳುವುದು. ತಮಟೆಯ ಅಗಲ ಬರೀ 9 ಮಿಲಿಮೀಟರ್ ಆಸುಪಾಸು, ದಪ್ಪ 0.1. ಅದರಡಿ ಪೊರೆಯನ್ನು ತೂರಿಸಿ, ಕುಸಿಯದಂತೆ ಕರಗುವ ಜೆಲ್‌ಫೋಮಿನ ಆನಿಕೆ ಕೊಡುತ್ತಾರೆ. ತೂತು ದೊಡ್ಡದಿದ್ದರೆ, ಮೊದಲ ತೇಪೆ ಕಿತ್ತುಬಂದಿದ್ದರೆ, ಕಿವಿಯ ಮುಂದಿನ ಪುಟ್ಟ ಮೃದ್ವಸ್ಥಿಯನ್ನು ತೆಳ್ಳಗೆ ಸೀಳಿ ಇಡುವುದುಂಟು. ಅದು ಗಟ್ಟಿ, ಒಳಕ್ಕೆ ಜಗ್ಗುವುದಿಲ್ಲ.

1640ರಲ್ಲಿ ಜರ್ಮನಿಯ ವೈದ್ಯ ಬಾಂಜರ್ ಹಂದಿಯ ಮೂತ್ರಕೋಶದ ಪೊರೆಯಿಂದ ಈ ತೂತು ಮುಚ್ಚಲು ಹೊರಟಿದ್ದ. 1950ರ ದಶಕದಲ್ಲಿ ಶಸ್ತ್ರವೈದ್ಯರಾದ ವುಲ್‌ಸ್ಟೈನ್ ಮತ್ತು ಝೋಲ್ನರ್ ಚರ್ಮ ಹಾಕಿದರು. ಅದು ಹೊಟ್ಟೇಳುತ್ತಿತ್ತು, ಕೀವಾಗುತ್ತಿತ್ತು. ಆ ದಶಕದ ಕೊನೆಗೆ ಕಣತಲೆಯ ಪೊರೆ ಬಳಕೆಗೆ ಬಂತು. ರಕ್ತ ಹರಿದು ಬರುವವರೆಗೆ ಹೆಚ್ಚೇನೂ ಬೇಡದೆ ಬದುಕಿಕೊಳ್ಳುವ ಜೀವ ಅದು.

ಮನೆಗೆ ಹೊರಟವರಿಗೆ ನರ್ಸಮ್ಮನ ಪಾಠ ಜೋರು. ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆಯಿರಿ, ಕೆರೆಗೆ ಇಳಿಯಬೇಡಿ, ತಲೆಗೆ ನೀರು ಹಾಕುವಾಗ ವ್ಯಾಸಲೀನ್ ಹಚ್ಚಿದ ಹತ್ತಿ ಇಟ್ಟುಕೊಳ್ಳಿ. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿ, ಬಾಗಿಲ ತನಕ ಹೋಗಿ, ತಿರುಗಿ ನಿಂತಿತು.

‘ಒಂದೇ ಒಂದ್ ತೊಟ್ಟು ಎಣ್ಣೆ ಬಿಟ್ಕೊಬೋದೇನಮ್ಮಾ?’