ಹಸಿದವನ ಬಾಗಿಲವರೆಗಿನ ಹಾದಿ

ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬದ ಆಸುಪಾಸಿನ ಭಾನುವಾರ ನಮ್ಮ ದೇವಾಲಯಗಳಲ್ಲಿ ಎತ್ತುವ ವಿಶೇಷ ಕಾಣಿಕೆಯು ರೋಮಿನಲ್ಲಿರುವ ಜಗದ್ಗುರುಗಳ ಕೈ ಸೇರುತ್ತದೆಂಬುದು ಕಥೋಲಿಕ ಕುಟುಂಬಗಳಿಗೆ ತಿಳಿದ ಸಂಗತಿ. ಅದರಲ್ಲಿ ಒಂದು ಪಾಲು ಅವರು ನಡೆಸುವ ದಾನಧರ್ಮಗಳಿಗೆ ಸಲ್ಲುತ್ತದೆ. ಅಂಥದೊಂದು ಭಾನುವಾರ ಪ್ರಬೋಧನೆಯ ಕೊನೆಗೆ ನಾವು ಸುಡಾನ್ ದೇಶದ ಹಸಿವಿನ ಕುರಿತು ನಾಲ್ಕು ಮಾತು ಆಡಿದೆವು. ಬಲಿಪೂಜೆ ಮುಗಿದು ಜನ ಚದುರುತ್ತಿದ್ದಾಗ ಮೂಡಲಗಿ ಕಡೆಯ ಹಿರಿಯರೊಬ್ಬರು ನಮ್ಮನ್ನು ಬದಿಗೆ ಕರೆದು ಕೇಳಿದರು: "ಕೊಡೂದು ಕೊಡ್ತೀವ್ರಿ ಫಾದರ್. ಆದ್ರ ಅದು ಹಸದವರ ಬಾಯಿಗೆ ಮುಟ್ಟತೈತೋ, ಬಂದೂಕ ಹಿಡದವರ ಬಾಯಿಗೆ ಮುಟ್ಟತೈತೋ, ನೋಡಿದವರ್ಯಾರು?"

ಈ ಪ್ರಶ್ನೆಯನ್ನು ಜಿಪುಣತನವೆಂದು ತಳ್ಳಿಹಾಕುವಂತಿರಲಿಲ್ಲ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಆ ಹಿರಿಯರು ಮನೆ ಬಿಟ್ಟು ಎತ್ತರದ ಶಾಲೆಯೊಂದರ ಗಂಜಿ ಕೇಂದ್ರದಲ್ಲಿ ದಿನ ಕಳೆದವರು. ಅನ್ನ ಬರುವ ದಾರಿಯನ್ನು ಕಾಯುತ್ತ ಕುಳಿತು ಬಲ್ಲವರು ಅವರು; ನಾವಾದರೋ ಪುಸ್ತಕ ಓದಿ ಬಲ್ಲವರು. ಅಂದು ಬಾಗಿಲಲ್ಲಿ ನಿಂತು ಕೊಟ್ಟ ಉತ್ತರ ನಮಗೇ ಸಾಲದೆನಿಸಿದ್ದರಿಂದ ಇಲ್ಲಿ ವಿಸ್ತರಿಸುತ್ತಿದ್ದೇವೆ.

ಆ ದಿನಗಳನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಓದುಗರಿಗೆ ನೆನಪಿಸಬೇಕಾಗಿಲ್ಲ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಒಮ್ಮೆಲೇ ಉಕ್ಕಿದವು. ಹಿಡಕಲ್ ಜಲಾಶಯದಿಂದ ನೀರು ಬಿಡುವುದು ಅನಿವಾರ್ಯವಾಯಿತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ನಗರದ ತಗ್ಗಿನ ಓಣಿಗಳಲ್ಲಿ ನೀರು ಹೊಕ್ಕಿತು, ಸಂಕೇಶ್ವರದ ನದಿ ದಂಡೆಯ ಮನೆಗಳು ಜಲಾವೃತವಾದವು. ಸುಣಧೋಳಿ, ಮಸಗುಪ್ಪಿ, ಪಟಗುಂದಿ ಕಡೆಯ ಹೊಲಗಳಲ್ಲಿ ಕಬ್ಬಿನ ತುದಿಯಷ್ಟೇ ಕಾಣುತ್ತಿತ್ತು. ಪುಣೆ–ಬೆಂಗಳೂರು ಹೆದ್ದಾರಿಯೂ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆಯ ನೀರಿಗೆ ಕೆಲವು ದಿನ ಮುಚ್ಚಿಹೋಯಿತು.

ಆಗ ನಾಡಿನಲ್ಲಿ ಅನ್ನಕ್ಕೆ ಬರವಿರಲಿಲ್ಲ. ವಿಜಯಪುರ, ಧಾರವಾಡಗಳ ಕಡೆಯಿಂದ ತಾಯಂದಿರು ಬಡಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮೂಟೆ ಮೂಟೆಯಾಗಿ ಬಂದವು. ಅಕ್ಕಿ, ಬಿಸ್ಕೀಟು, ಹೊದಿಕೆಗಳೂ ಬಂದವು. ನಾವೂ ನಮ್ಮ ಕೆಲವು ಯುವಕರೂ ಒಂದು ಟೆಂಪೊ ತುಂಬಿಕೊಂಡು ಹೊರಟಿದ್ದೆವು. ಡಾಂಬರು ರಸ್ತೆ ಇರುವವರೆಗೆ ಹೋದೆವು. ರಸ್ತೆ ಮುಗಿದಲ್ಲಿ ಮೊದಲೇ ಬಂದು ನಿಂತಿದ್ದ ಲಾರಿಗಳ ಸುತ್ತ ಗುಂಪು ನೆರೆದಿತ್ತು. ತೋಳಿನಲ್ಲಿ ಬಲವಿದ್ದವನಿಗೆ ಎರಡು ಮೂರು ಗಂಟು ಸಿಕ್ಕವು, ಕೂಸು ಎತ್ತಿಕೊಂಡವಳಿಗೆ ಒಂದೂ ಇಲ್ಲ. ಅಲ್ಲಿಂದ ನಾಲ್ಕು ಮೈಲಿ ಒಳಗಿದ್ದ ತೋಟದ ವಸತಿಗೆ ನಾಲ್ಕನೆಯ ದಿನದವರೆಗೂ ಏನೂ ಮುಟ್ಟಿರಲಿಲ್ಲವೆಂದು ನಮಗೆ ತಿಳಿದದ್ದು ಟೆಂಪೊ ಬರಿದಾದ ಮೇಲೆ. ನಾವು ಒಯ್ದದ್ದಾದರೂ ಏನು? ಹಸಿ ಅಕ್ಕಿ! ಒಲೆ ನೀರುಪಾಲಾದ, ಒಣ ಕಟ್ಟಿಗೆ ಇಲ್ಲದ ಊರಿಗೆ ಹಸಿ ಅಕ್ಕಿ. ಖಡಕ್ ರೊಟ್ಟಿ ಕಳಿಸಿದ ಅಕ್ಷರ ಬಾರದ ಅಜ್ಜಿಯರಿಗೆ ಇದ್ದ ವಿವೇಕ ತರ್ಕಶಾಸ್ತ್ರ ಓದಿದ ನಮಗಿರಲಿಲ್ಲ.

ಹೀಗೆ ಎಡವಿದವರಲ್ಲಿ ನಾವೇ ಮೊದಲಿಗರಲ್ಲವೆಂಬುದು ಒಂದು ಸಮಾಧಾನ. ಧರ್ಮಸಭೆಯ ಒಳಗೆ ಎದ್ದ ಮೊಟ್ಟಮೊದಲ ಜಗಳಗಳಲ್ಲೊಂದು ಅನ್ನ ಹಂಚಿಕೆಯ ಜಗಳವೇ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ತೆರೆದು ನೋಡಿರಿ: ಜೆರುಸಲೇಮಿನಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂಬ ದೂರು ಬಂತು. ಪ್ರೇಷಿತರು ಆ ದೂರನ್ನು ಅಲ್ಲಗಳೆಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಜನರು ಒಪ್ಪುವ ಏಳು ಮಂದಿಯನ್ನು ಆ ಕೆಲಸಕ್ಕೆಂದೇ ನೇಮಿಸಿದರು. ಆ ಏಳರಲ್ಲಿ ಒಬ್ಬರು ಮುಂದೆ ರಕ್ತಸಾಕ್ಷಿಯಾದ ಸಂತ ಸ್ತೇಫನರು. ಐದು ರೊಟ್ಟಿಗಳ ಅದ್ಭುತದಲ್ಲಿಯೂ ಪ್ರಭುಗಳು ಮೊದಲು ಮಾಡಿಸಿದ್ದು ಜನರನ್ನು ನೂರು ನೂರು, ಐವತ್ತು ಐವತ್ತರ ಪಂಕ್ತಿಗಳಲ್ಲಿ ಕುಳ್ಳಿರಿಸುವುದನ್ನು. ರೊಟ್ಟಿ ಮುರಿದದ್ದು ಆಮೇಲೆ.

ನಮ್ಮಲ್ಲಿ ನೀರು ಇಳಿಯಿತು, ಹಾದಿ ತೆರೆಯಿತು. ಏನೇ ಕೊರತೆಯಿದ್ದರೂ ಲೋಳಸೂರ ಸೇತುವೆಯ ಮೇಲೆ ಬಂದೂಕು ಹಿಡಿದು ನಿಂತು, ಈ ರೊಟ್ಟಿ ಆಚೆಗೆ ಹೋಗಕೂಡದೆಂದವರು ಯಾರೂ ಇರಲಿಲ್ಲ. ಸೇತುವೆಯ ಮೇಲೆ ಅಂಥವನೊಬ್ಬನನ್ನು ಕಲ್ಪಿಸಿಕೊಂಡರೆ ಸುಡಾನಿನ ಸ್ಥಿತಿ ಅರ್ಥವಾದೀತು.

ಆ ದೇಶದ ಡಾರ್ಫರ್ ಸೀಮೆಯಲ್ಲಿ ಎಲ್ ಫಾಶಿರ್ ಎಂಬ ನಗರವಿದೆ. 2023ರ ಏಪ್ರಿಲ್ 15ರಂದು ಅಲ್ಲಿನ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಯುದ್ಧ ಹೊತ್ತಿದಾಗ ಆ ಹೆಸರು ಕನ್ನಡ ಪತ್ರಿಕೆಗಳಲ್ಲಿ ಬಂದಿತ್ತು. ಗಿಡಮೂಲಿಕೆಯ ಎಣ್ಣೆ ಮಾರಲು ಹೋಗಿದ್ದ ಮೈಸೂರು, ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಹಕ್ಕಿಪಿಕ್ಕಿ ಜನಾಂಗದ ಸುಮಾರು ಮೂವತ್ತು ಮಂದಿ ಅಲ್ಲಿ ಅನ್ನ ನೀರಿಲ್ಲದೆ ಬಾಗಿಲು ಹಾಕಿಕೊಂಡು ಕುಳಿತಿದ್ದರು. 'ಆಪರೇಷನ್ ಕಾವೇರಿ'ಯ ಮೂಲಕ ಭಾರತ ಸರಕಾರವು ತನ್ನ ಪ್ರಜೆಗಳನ್ನು ಮರಳಿ ತಂದಿತು. ನಮ್ಮವರು ಊರು ಸೇರಿದರು, ನಾವು ಆ ನಗರವನ್ನು ಮರೆತೆವು.

ಮರೆತ ಮೇಲೆ ಅಲ್ಲಿ ಆದದ್ದಿಷ್ಟು. 2024ರ ಮೇ ತಿಂಗಳಿಂದ ಅರೆಸೈನಿಕ ಪಡೆಯು ಎಲ್ ಫಾಶಿರನ್ನು ಮುತ್ತಿತು. ಆ ವರ್ಷದ ಆಗಸ್ಟಿನಲ್ಲಿ ನಗರದ ಪಕ್ಕದ ಜಮ್ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆಯೆಂದು ತಜ್ಞರು ದೃಢಪಡಿಸಿದರು. ಇನ್ನೊಂದು ಪಕ್ಷವೂ ನಿರ್ದೋಷಿಯಲ್ಲ. ಚಾಡ್ ದೇಶದಿಂದ ಧಾನ್ಯ ಬರುವ ಆದ್ರೆ ಎಂಬ ಗಡಿದಾರಿಯನ್ನು, ಅದರಲ್ಲಿ ಆಯುಧ ಬರುತ್ತದೆಂಬ ಕಾರಣ ನೀಡಿ, ಸೈನ್ಯದ ಸರಕಾರವು 2024ರ ಫೆಬ್ರವರಿಯಿಂದ ಆಗಸ್ಟಿನವರೆಗೆ ಮುಚ್ಚಿಟ್ಟಿತ್ತು. 2025ರ ಜೂನ್ ಆರಂಭದಲ್ಲಿ ವಿಶ್ವಸಂಸ್ಥೆಯ ಆಹಾರದ ಲಾರಿಗಳ ಸಾಲೊಂದು ಪೋರ್ಟ್ ಸುಡಾನ್ ಬಂದರಿನಿಂದ 1,800 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ, ಎಲ್ ಫಾಶಿರಿಗೆ ಕೊನೆಯ ಹಂತದ ಅನುಮತಿಗಾಗಿ ಅಲ್ ಕೋಮಾ ಎಂಬಲ್ಲಿ ಕಾಯುತ್ತಿತ್ತು. ಅಲ್ಲಿಯೇ ಅದರ ಮೇಲೆ ದಾಳಿಯಾಗಿ ಐವರು ಸತ್ತರು, ಲಾರಿಗಳು ಸುಟ್ಟವು. ಅಷ್ಟು ದೂರ ಬಂದ ಧಾನ್ಯ ಬಾಗಿಲ ಹತ್ತಿರ ಬೂದಿಯಾಯಿತು. ನಗರದೊಳಗೆ ಜನ 'ಅಂಬಾಜ್' ತಿಂದು ದಿನದೂಡಿದರು. ಅಂಬಾಜ್ ಎಂದರೆ ಎಣ್ಣೆ ತೆಗೆದು ಉಳಿದ ಶೇಂಗಾದ ಹಿಂಡಿ, ನಮ್ಮಲ್ಲಿ ಎಮ್ಮೆಗೆ ಇಡುತ್ತೇವಲ್ಲ, ಅದು. ನಮ್ಮ ನಿರಾಶ್ರಿತರಿಗೆ ರೊಟ್ಟಿಯ ಜೊತೆ ಬಂದ ಶೇಂಗಾ ಹಿಂಡಿಯ ಹೆಸರೇ ಇದಕ್ಕೂ ಇರುವುದು ನಮ್ಮ ಭಾಷೆಯ ಆಕಸ್ಮಿಕವಷ್ಟೆ. ಆದರೂ ಆ ವಾರ್ತೆ ಓದಿದ ದಿನ ನಮಗೆ ಊಟ ಸೇರಲಿಲ್ಲ. ಅಕ್ಟೋಬರ್ 2025ರಲ್ಲಿ ನಗರವು ಮುತ್ತಿದವರ ವಶವಾಯಿತು.

ಬಂದೂಕಿಲ್ಲದ ಕಡೆಯೂ ಹಾದಿ ಸುಲಭವಲ್ಲ. ನೆರೆಯ ದಕ್ಷಿಣ ಸುಡಾನಿನ ಬಹುಭಾಗ ನಮ್ಮ ಎರೆಹೊಲದಂಥದೇ ಕರಿಮಣ್ಣು. ಮಳೆಗಾಲದಲ್ಲಿ ಎರೆಯ ದಾರಿಯಲ್ಲಿ ಗಾಲಿ ಹೂತ ಚಕ್ಕಡಿಗೆ ಹೆಗಲು ಕೊಟ್ಟವರಿಗೆ, ತಿಂಗಳುಗಟ್ಟಲೆ ಲಾರಿ ಹೋಗಲಾರದ ಊರುಗಳೆಂದರೇನೆಂದು ವಿವರಿಸಬೇಕಿಲ್ಲ. ಅಲ್ಲಿಗೆ ವಿಮಾನದಿಂದ ಧಾನ್ಯದ ಚೀಲ ಉದುರಿಸುತ್ತಾರೆ. ಚೀಲದೊಳಗೆ ಚೀಲವಿಟ್ಟು, ಒಡೆದರೂ ಕಾಳು ಚೆಲ್ಲದಂತೆ. ಲಾರಿಗಿಂತ ಹಲವು ಪಟ್ಟು ಖರ್ಚು. ಆ ದೇಶದಲ್ಲಿ ವಿಶ್ವಸಂಸ್ಥೆಯ ವಾಹನಗಳಿಗೆ ಕಾವಲಾಗಿ ಹೊರಟಿದ್ದ ಐವರು ಭಾರತೀಯ ಯೋಧರು 2013ರ ಏಪ್ರಿಲ್ 9ರಂದು ಗುಮುರುಕ್ ಬಳಿ ಹೊಂಚುದಾಳಿಯಲ್ಲಿ ಮಡಿದದ್ದನ್ನೂ ಇಲ್ಲಿ ಸ್ಮರಿಸಬೇಕು.

ನಮ್ಮ ಹಿರಿಯರೂ ಇಂಥದನ್ನು ಕಂಡವರೇ. ಧಾತು–ಈಶ್ವರ ಸಂವತ್ಸರಗಳ, ಅಂದರೆ 1876–78ರ ಬರದಲ್ಲಿ ಬೆಳಗಾವಿ ಜಿಲ್ಲೆಗೆ ಇನ್ನೂ ರೈಲು ಬಂದಿರಲಿಲ್ಲ. ಧಾನ್ಯ ಗಾಡಿಯಲ್ಲಿ ಬರಬೇಕು, ಗಾಡಿಯ ಎತ್ತಿಗೆ ಮೇವಿಲ್ಲ. ಪರಿಹಾರ ಕಾಮಗಾರಿಯ ಕೂಲಿಕಾರನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಪುಡಿಗಾಸು ಸಾಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಸಾಹೇಬರು ಗೊತ್ತುಮಾಡಿದರು. ಧುಪದಾಳದ ಒಡ್ಡು, ಗೋಕಾಕ ಕಾಲುವೆ, ರೈಲುಹಾದಿ ಎಲ್ಲವೂ ಆ ಬರದ ನಂತರ ಬಂದವು. ಹಸಿದವರು ಸತ್ತ ಮೇಲೆ.

ಈಗ ಮೂಡಲಗಿಯ ಹಿರಿಯರ ಪ್ರಶ್ನೆಯ ಮುಳ್ಳಿಗೆ ಬರೋಣ. ಕಳಿಸಿದ ಹತ್ತು ಚೀಲದಲ್ಲಿ ಮೂರನ್ನು ಬಂದೂಕಿನವನು ಕಿತ್ತುಕೊಳ್ಳುತ್ತಾನೆಂದು ಮೊದಲೇ ಗೊತ್ತಿದ್ದರೆ ಕಳಿಸುವುದು ಧರ್ಮವೋ ಅಧರ್ಮವೋ? ಗುರುಮಠದಲ್ಲಿ ನಮಗೆ ಕಲಿಸಿದ ಸಂತ ತೋಮಾಸ್ ಅಕ್ವಿನಾಸರ ವಿಚಾರಸರಣಿಯೊಂದುಂಟು. ಒಂದೇ ಕ್ರಿಯೆಗೆ ಒಳ್ಳೆಯದೂ ಕೆಟ್ಟದೂ ಎರಡು ಫಲಗಳಿದ್ದಾಗ, ನಮ್ಮ ಉದ್ದೇಶ ಯಾವುದು ಎಂದು ನೋಡಬೇಕು. ಕೆಟ್ಟದ್ದೇ ಒಳ್ಳೆಯದಕ್ಕೆ ಸಾಧನವಾಗಬಾರದು. ಎರಡರ ತೂಕವೂ ಸರಿಯಿರಬೇಕು. ಎಳೆಯ ವಯಸ್ಸಿನಲ್ಲಿ ಇದು ಪರೀಕ್ಷೆಗೆ ಬಾಯಿಪಾಠ ಮಾಡುವ ಸಂಗತಿಯಾಗಿತ್ತು. ಅನ್ನದ ವಿಷಯಕ್ಕೆ ಹಚ್ಚಿದಾಗ ಅದರ ಭಾರ ತಿಳಿಯುತ್ತದೆ.

1967ರಿಂದ 1970ರವರೆಗೆ ನೈಜೀರಿಯಾದಿಂದ ಬೇರೆಯಾದ ಬಿಯಾಫ್ರಾದಲ್ಲಿ ಯುದ್ಧ ನಡೆದಾಗ ಸ್ವತಃ ಧರ್ಮಸಭೆಯೇ ಈ ಪರೀಕ್ಷೆಗೆ ಕುಳಿತಿತ್ತು. ನೈಜೀರಿಯಾ ಸರಕಾರವು ಹಗಲಿನಲ್ಲಿ, ತಪಾಸಣೆಯಾದ ವಿಮಾನಗಳಿಗೆ ಮಾತ್ರ ಒಪ್ಪುತ್ತೇನೆಂದಿತು. ಅದರ ಮರೆಯಲ್ಲಿ ಶತ್ರು ನುಗ್ಗುತ್ತಾನೆಂದು ಬಿಯಾಫ್ರಾದ ನಾಯಕರು ಒಪ್ಪಲಿಲ್ಲ. ಕೂಸುಗಳು ಸಾಯುತ್ತಿದ್ದವು. ಕಾರಿತಾಸ್ ಸಂಸ್ಥೆಯೂ ಪ್ರೊಟೆಸ್ಟೆಂಟ್ ಸಭೆಗಳೂ ಕೂಡಿ ಸಾವೊ ತೋಮೆ ದ್ವೀಪದಿಂದ ರಾತ್ರಿ ಹೊತ್ತು ವಿಮಾನ ಹಾರಿಸಿದವು. ಉಲಿ ಎಂಬಲ್ಲಿ ಅಗಲಗೊಳಿಸಿದ ಡಾಂಬರು ರಸ್ತೆಯೇ ನಿಲ್ದಾಣ. ವಿಮಾನ ಇಳಿಯುವ ಕ್ಷಣಕ್ಕಷ್ಟೇ ದೀಪ, ಮತ್ತೆ ಕತ್ತಲೆ. ಐದು ಸಾವಿರಕ್ಕೂ ಹೆಚ್ಚು ಹಾರಾಟಗಳಲ್ಲಿ ಸುಮಾರು ಅರವತ್ತು ಸಾವಿರ ಟನ್ ಸಾಮಗ್ರಿ ಮುಟ್ಟಿತು; ಹಲವು ವೈಮಾನಿಕರು ಜೀವ ತೆತ್ತರು. ಆ ನೆರವಿನಿಂದಲೇ ಸೋಲುವ ಯುದ್ಧ ಇನ್ನಷ್ಟು ಲಂಬಿಸಿತೆಂದು ಆಕ್ಷೇಪಿಸುವವರು ಇಂದಿಗೂ ಇದ್ದಾರೆ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಕಣ್ಣೆದುರು ಸಾಯುವ ಕೂಸಿಗೆ, ನಿನ್ನ ಹಾಲಿನಿಂದ ಯುದ್ಧ ಲಂಬಿಸೀತೆಂದು ಹೇಳುವ ಅಧಿಕಾರ ಯಾರಿಗಿದೆ? ಆ ಗುರುಗಳ ಜಾಗದಲ್ಲಿದ್ದರೆ ನಾವೂ ಹಾಲನ್ನೇ ಇಳಿಸುತ್ತಿದ್ದೆವು.

ಹಾಗೆಂದು ಎಲ್ಲೆಯೇ ಇಲ್ಲವೆಂದಲ್ಲ. ಇಥಿಯೋಪಿಯಾದ 1984–85ರ ಕ್ಷಾಮದಲ್ಲಿ ಧಾನ್ಯ ಹಂಚುವ ಜಾಗಗಳಿಗೆ ಬಂದ ರೈತರನ್ನು ಹಿಡಿದು, ದೂರದ ದಕ್ಷಿಣಕ್ಕೆ ಬಲವಂತವಾಗಿ ಸಾಗಿಸಿದ ಪ್ರಸಂಗಗಳು ನಡೆದವು. ಇದನ್ನು ಬಹಿರಂಗವಾಗಿ ಖಂಡಿಸಿದ ಫ್ರಾನ್ಸಿನ ವೈದ್ಯರ ಸಂಸ್ಥೆಯನ್ನು 1985ರ ಡಿಸೆಂಬರಿನಲ್ಲಿ ದೇಶದಿಂದ ಹೊರಹಾಕಲಾಯಿತು. ಉಳಿದ ಸಂಸ್ಥೆಗಳು ಮೌನವಾಗಿ ಹಂಚುತ್ತ ಉಳಿದವು. ಅನ್ನವನ್ನು ಕದ್ದರೆ ಅದು ಕಳವು. ಅನ್ನವನ್ನೇ ಗಾಳದ ಹುಳುವಾಗಿಸಿದರೆ ಆಗ ಹಂಚುವ ಕೈಯೂ ಬೇಟೆಯಲ್ಲಿ ಪಾಲುಗೊಂಡಂತೆ. ಅಲ್ಲಿ ಕೂಗಿ ಹೇಳಿದವರೇ ಸರಿಯೆಂದು ನಮ್ಮ ಅಭಿಮತ. ಹಸಿದವರನ್ನು ಬಿಟ್ಟು ಹೋಗಲಾರದೆ ಉಳಿದವರನ್ನು ಹಳಿಯಲು ಮಾತ್ರ ನಾಲಗೆ ಏಳುವುದಿಲ್ಲ.

ದಿವಂಗತ ಜಗದ್ಗುರು ಫ್ರಾನ್ಸಿಸರು 2016ರ ಜೂನ್ 13ರಂದು ರೋಮಿನಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಕಚೇರಿಗೆ ಹೋದಾಗ, ಆಹಾರಕ್ಕೆ ಅಡ್ಡಿಯಾಗುವ ತಡೆಗಳು ಆಯುಧಗಳಿಗೆ ಆಗುವುದಿಲ್ಲವಲ್ಲ ಎಂದು ಮರುಗಿದ್ದರು. 2018ರ ಮೇ ತಿಂಗಳಲ್ಲಿ ಭದ್ರತಾ ಮಂಡಳಿಯು ಜನರನ್ನು ಉಪವಾಸ ಕೆಡವಿ ಯುದ್ಧ ಗೆಲ್ಲುವುದನ್ನು ಖಂಡಿಸಿ ನಿರ್ಣಯ ಮಾಡಿತು. ನಿರ್ಣಯದ ಸಂಖ್ಯೆ 2417. ಎಲ್ ಫಾಶಿರಿನ ಮುತ್ತಿಗೆ ಅದಾದ ಆರು ವರ್ಷಗಳ ನಂತರದ್ದು.

ಹಾಗಾದರೆ ಯಾವುದು ಮುಟ್ಟುತ್ತದೆ? ಸುಡಾನಿನಲ್ಲಿ ಲಾರಿ ಹೋಗಲಾರದ ಓಣಿಗಳಲ್ಲಿ ಅಲ್ಲಿಯ ಯುವಕರೂ ಹೆಂಗಸರೂ ಸೇರಿ ಸಾಮೂಹಿಕ ಅಡುಗೆಮನೆಗಳನ್ನು ನಡೆಸುತ್ತಾರೆ. 'ತಕಾಯಾ' ಎಂದು ಅವಕ್ಕೆ ಹೆಸರು. ನಮ್ಮ ಗಂಜಿ ಕೇಂದ್ರವೇ ಎನ್ನಿ. ಹೊರಗಿನಿಂದ ಅವರಿಗೆ ಬರುವುದು ಹಣ. ಊರಿನಲ್ಲೇ ಸಿಕ್ಕ ಜೋಳ, ಬೇಳೆ ಕೊಂಡು ಬೇಯಿಸಿ ಬಡಿಸುತ್ತಾರೆ. ಬೆಂದ ಅನ್ನವನ್ನು ದೋಚಿ ಕೂಡಿಡಲು ಬರುವುದಿಲ್ಲ, ಮಾರಲು ಬರುವುದಿಲ್ಲ. ಕಾಳು ಕೊಟ್ಟರೆ ಕಟ್ಟಿಗೆಗೆ ಹೆಂಗಸರು ಶಿಬಿರ ಬಿಟ್ಟು ಹೊರಗೆ ಹೋಗಬೇಕು. ಡಾರ್ಫರಿನಲ್ಲಿ ಹಾಗೆ ಹೋದವರ ಮೇಲೆ ನಡೆದ ಅತ್ಯಾಚಾರಗಳ ಕಥೆ ಇಲ್ಲಿ ಬರೆಯುವಂಥದಲ್ಲ. 2025ರ ಜನವರಿಯಲ್ಲಿ ಅಮೆರಿಕ ಸರಕಾರ ವಿದೇಶಿ ನೆರವನ್ನು ತಡೆಹಿಡಿದಾಗ ಇಂಥ ನೂರಾರು ಅಡುಗೆಮನೆಗಳ ಒಲೆ ಆರಿತು.

ಅಮೆರಿಕವೆಂದಾಗ ಇನ್ನೊಂದು ಮಾತು. ನಮ್ಮ ವಯಸ್ಸಿನವರು ಸರಕಾರಿ ಶಾಲೆಗಳಲ್ಲಿ 'ಕೇರ್' ಸಂಸ್ಥೆಯ ಹಳದಿ ಉಪ್ಪಿಟ್ಟು ತಿಂದವರು. ಮೊನ್ನೆ ಮೂಡಲಗಿಯ ಹಿರಿಯರ ಮನೆಗೆ ಹೋದಾಗ ಇದನ್ನು ಪ್ರಸ್ತಾಪಿಸಿದೆವು. ಅವರು ಹಿರಿಯ ತರಗತಿಯಲ್ಲಿದ್ದು ತಾವೇ ಕೊಪ್ಪರಿಗೆ ಕಲಕುತ್ತಿದ್ದುದನ್ನು ಹೇಳಿ ನಕ್ಕರು. ಆ ಹಿಟ್ಟಿನಲ್ಲಿ ಎಷ್ಟು ಚೀಲ ದಾರಿಯಲ್ಲೇ ಮಾಯವಾಗುತ್ತಿದ್ದವೋ ಎಂದೂ ಅವರೇ ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಸುಡಾನಿನ ಗಂಜಿ ಕೇಂದ್ರದವರಿಗೆ ನೇರವಾಗಿ ದುಡ್ಡು ಮುಟ್ಟುವ ದಾರಿ ಯಾವುದೆಂದು ಕೇಳಿದರು. ಜಗದ್ಗುರುಗಳ ಕಾಣಿಕೆಯೊಂದೇ ಸದ್ಯ ನಮ್ಮ ಕೈಗೆ ಎಟುಕುವ ದಾರಿ, ಬೇರೆ ದಾರಿಯಿದ್ದರೆ ಧರ್ಮಾಧ್ಯಕ್ಷರ ಕಚೇರಿಗೆ ಬರೆದು ವಿಚಾರಿಸುತ್ತೇವೆಂದು ಹೇಳಿ ಬಂದಿದ್ದೇವೆ. ಪತ್ರ ಬರೆದಿದ್ದೇವೆ.