ಗಾಜಿನ ತೊಟ್ಟಿಯ ಕ್ಯಾಟ್‌ಫಿಶ್‌ಗೂ ಬೇಕು ಒಂದು ಮರೆಯ ತಾಣ

ಮಳಿಗೆಯಿಂದ ತಂದು ಅಕ್ವೇರಿಯಂಗೆ ಬಿಟ್ಟ ಕ್ಯಾಟ್‌ಫಿಶ್ ಮೊದಲ ದಿನವೇ ಫಿಲ್ಟರಿನ ಹಿಂದೆ ಸೇರಿಕೊಂಡು ಹೊರಬಾರದಿರುವುದು ಮೀನು ಸಾಕುವ ಬಹುಮಂದಿಯ ಅನುಭವ. ಹಣ ಕೊಟ್ಟು ತಂದ ಮೀನು ಕಣ್ಣಿಗೆ ಬೀಳಲೆಂಬ ಆಸೆಯಿಂದ ಕೆಲವರು ತೊಟ್ಟಿಯೊಳಗಿನ ಕಲ್ಲು, ಮರದ ತುಂಡುಗಳನ್ನೆಲ್ಲ ತೆಗೆದುಹಾಕುತ್ತಾರೆ. ಇದರ ಪರಿಣಾಮ ತದ್ವಿರುದ್ಧ. ಅಡಗಲು ಎಡೆಯಿಲ್ಲದ ಮೀನು ಸದಾ ಭಯದಲ್ಲಿದ್ದು, ಆಹಾರವನ್ನು ಬಿಟ್ಟು, ಕ್ರಮೇಣ ಸೊರಗಿ ರೋಗಕ್ಕೆ ತುತ್ತಾಗುತ್ತದೆ. ಬೇಕೆಂದಾಗ ಸೇರಿಕೊಳ್ಳಲು ಮರೆಯೊಂದು ಹತ್ತಿರವಿದ್ದರೆ ಅದೇ ಮೀನು ಧೈರ್ಯವಾಗಿ ಹೊರಬಂದು ಸಂಚರಿಸುತ್ತದೆ.

ಕ್ಯಾಟ್‌ಫಿಶ್ ಎಂದೊಡನೆ, ಭಾರತದಲ್ಲಿ 2000ದಲ್ಲಿ ಸಾಕಣೆ ನಿಷೇಧಕ್ಕೆ ಒಳಗಾದ ಆಫ್ರಿಕನ್ ಕ್ಯಾಟ್‌ಫಿಶ್ ನೆನಪಾಗುವುದು ಸಹಜ. ಇಲ್ಲಿನ ವಿಚಾರ ಅದರದ್ದಲ್ಲ. ಅಲಂಕಾರಿಕ ಮೀನುಗಳಾಗಿ ಮಾರಾಟವಾಗುವ ಕೋರಿಡೋರಸ್, ಬ್ರಿಸಲ್‌ನೋಸ್, ಸೈನೊಡಾಂಟಿಸ್ ಮೊದಲಾದ ಚಿಕ್ಕ ಜಾತಿಗಳದ್ದು.

ಅಡಗುವುದೇಕೆ?

ಕ್ಯಾಟ್‌ಫಿಶ್‌ಗಳಲ್ಲಿ ಹೆಚ್ಚಿನವು ನಿಶಾಚರಿಗಳು. ಕತ್ತಲಲ್ಲಿ ಮೀಸೆಗಳಿಂದ ತಳವನ್ನು ತಡವಿ, ಸ್ಪರ್ಶ ಮತ್ತು ರುಚಿಯ ನೆರವಿನಿಂದ ಆಹಾರ ಹುಡುಕುತ್ತವೆ. ಹಗಲಿನಲ್ಲಿ ಬೇರುಗಳ ನಡುವೆ, ಕಲ್ಲಿನ ಸಂದಿಗಳಲ್ಲಿ, ಮುಳುಗಿದ ಮರಗಳ ಅಡಿಯಲ್ಲಿ ವಿಶ್ರಮಿಸುತ್ತವೆ. ದಕ್ಷಿಣ ಅಮೆರಿಕದ ನದಿಗಳ ಬ್ರಿಸಲ್‌ನೋಸ್‌ಗೂ ಆಫ್ರಿಕಾದ ಸೈನೊಡಾಂಟಿಸ್‌ಗೂ ಈ ಸ್ವಭಾವ ಸಮಾನ. ನಾಲ್ಕೂ ಕಡೆಯಿಂದ ಬೆಳಕು ಬೀಳುವ ಗಾಜಿನ ತೊಟ್ಟಿಯಲ್ಲಿ ಇಂಥ ನೆರಳನ್ನು ನಾವೇ ಒದಗಿಸಬೇಕಾಗುತ್ತದೆ.

ಯಾವುದಕ್ಕೆ ಎಂಥದು?

ಎಲ್ಲ ಜಾತಿಗಳಿಗೂ ಒಂದೇ ಬಗೆಯ ತಾಣ ಹೊಂದುವುದಿಲ್ಲ. ಸುಮಾರು 12 ಸೆಂ.ಮೀ. ಬೆಳೆಯುವ ಬ್ರಿಸಲ್‌ನೋಸ್‌ಗೆ ಮೈ ತಾಗುವಷ್ಟು ಇಕ್ಕಟ್ಟಾದ ಗುಹೆ ಇಷ್ಟ. 15 ಸೆಂ.ಮೀ. ಉದ್ದ, 4ರಿಂದ 5 ಸೆಂ.ಮೀ. ಬಾಯಿಯುಳ್ಳ ಕೊಳವೆ ಅದಕ್ಕೆ ಸಾಕು. ಹೆಣ್ಣು ಮೊಟ್ಟೆಯಿಡುವುದು ಗುಹೆಯೊಳಗೆ. ಅವು ಮರಿಯಾಗುವವರೆಗೆ ರೆಕ್ಕೆ ಬೀಸುತ್ತ ಕಾವಲು ಕಾಯುವುದು ಗಂಡು. ಗುಹೆಗಾಗಿ ಗಂಡುಗಳು ಕಾದಾಡುವುದರಿಂದ ಮೀನುಗಳ ಸಂಖ್ಯೆಗಿಂತ ಒಂದು ಗುಹೆ ಹೆಚ್ಚಿಗೆ ಇರಬೇಕು.

ತಲೆಕೆಳಗಾಗಿ ಈಜುವ ಸೈನೊಡಾಂಟಿಸ್‌ಗೆ ಬಾಗಿದ ಮರದ ತುಂಡಿನ ಅಡಿಭಾಗವೇ ಮನೆ. ಹಗಲಿನಲ್ಲೂ ಚಟುವಟಿಕೆಯಿಂದಿರುವ ಕೋರಿಡೋರಸ್‌ಗೆ ಗುಹೆಗಿಂತ ಅಗಲ ಎಲೆಯ ಗಿಡಗಳ ನೆರಳು, ತೆರೆದ ನುಣುಪು ಮರಳಿನ ತಳ ಮತ್ತು ಕನಿಷ್ಠ ಆರು ಸಂಗಾತಿಗಳು ಮುಖ್ಯ. ಹರಿತವಾದ ಜಲ್ಲಿಯಲ್ಲಿ ಅದರ ಮೀಸೆಗಳು ಸವೆದುಹೋಗುತ್ತವೆ.

ಸುಲಭವಾಗಿ ಸಿಗುವ ವಸ್ತುಗಳು

ದುಬಾರಿ ಬೆಲೆಯ ಆಟಿಕೆ ಕೋಟೆಗಳ ಅಗತ್ಯವಿಲ್ಲ. ತಿರುಳನ್ನು ಪೂರ್ಣ ಕೆರೆದು ಕುದಿಸಿದ ತೆಂಗಿನ ಕರಟಕ್ಕೆ ಬಾಗಿಲು ಕೊರೆದು ಬೋರಲು ಹಾಕಿದರೆ ಒಳ್ಳೆಯ ಗುಹೆಯಾಗುತ್ತದೆ. ಬಣ್ಣ ಬಳಿಯದ ಮಣ್ಣಿನ ಕುಡಿಕೆ, ಚೆನ್ನಾಗಿ ಉಜ್ಜಿ ತೊಳೆದ ಮಂಗಳೂರು ಹೆಂಚಿನ ತುಂಡು, ಪಿವಿಸಿ ಕೊಳವೆ ಇವೆಲ್ಲವೂ ಯೋಗ್ಯ. ಕೊಳವೆಯ ಅಂಚನ್ನು ಮರಳುಕಾಗದದಿಂದ ಉಜ್ಜಿ ನಯಗೊಳಿಸಬೇಕು. ಮರದ ತುಂಡು ಒಣಗಿದ್ದಾಗಿರಬೇಕು. ಹಸಿ ಮರ, ಅಂಟು ಒಸರುವ ಮರ ಬೇಡ. ಅದನ್ನು ಕುದಿಸಿ, ನೀರಿನಲ್ಲಿ ಮುಳುಗುವವರೆಗೆ ನೆನೆಹಾಕಬೇಕು. ಆಗ ಬಿಡುವ ಕಂದು ಬಣ್ಣ ಹಾನಿಕರವಲ್ಲ. ಬ್ರಿಸಲ್‌ನೋಸ್ ಮೀನುಗಳು ಮರವನ್ನು ಕೆರೆದು ತಿನ್ನುವುದೂ ಉಂಟು.

ಕಲ್ಲನ್ನು ಆರಿಸುವಾಗ ಎಚ್ಚರ ಅಗತ್ಯ. ಮನೆಗಳ ನೆಲಕ್ಕೆ ಬಳಸುವ ಕಡಪ ಮತ್ತು ಶಹಾಬಾದ್ ಕಲ್ಲುಗಳು ಸುಣ್ಣದ ಕಲ್ಲುಗಳಾದ್ದರಿಂದ ನೀರಿನ ಗಡಸುತನವನ್ನು ಹೆಚ್ಚಿಸಬಲ್ಲವು. ಕಪ್ಪೆಚಿಪ್ಪು, ಹವಳಗಳೂ ಹಾಗೆಯೇ. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿದಾಗ ಗುಳ್ಳೆಯೆದ್ದರೆ ಅದನ್ನು ಬಳಸದಿರುವುದು ಲೇಸು. ಗ್ರಾನೈಟ್ ನಿರಪಾಯಕಾರಿ.

ಜೋಡಣೆ ಮತ್ತು ನಿರ್ವಹಣೆ

ಕಲ್ಲುಗಳನ್ನು ಮರಳಿನ ಮೇಲೆ ಪೇರಿಸುವುದು ಅಪಾಯಕಾರಿ. ಮೀನು ತಳ ಕೆದಕಿದಾಗ ಕಲ್ಲು ಉರುಳಿ ಮೀನು ಸಾಯಬಹುದು, ಗಾಜೂ ಒಡೆಯಬಹುದು. ಆದ್ದರಿಂದ ಮೊದಲು ಕಲ್ಲನ್ನು ತಳದಲ್ಲಿ ಭದ್ರವಾಗಿ ಕೂರಿಸಿ, ಬಳಿಕ ಸುತ್ತಲೂ ಮರಳು ಹರಡಬೇಕು. ಅನೇಕ ಕ್ಯಾಟ್‌ಫಿಶ್‌ಗಳ ಬೆನ್ನಿನ ಹಾಗೂ ಪಕ್ಕದ ರೆಕ್ಕೆಗಳಲ್ಲಿ ಸೆಟೆದು ನಿಲ್ಲುವ ಮುಳ್ಳುಗಳಿರುವುದರಿಂದ ಕಿರಿದಾದ ರಂಧ್ರದಲ್ಲಿ ಸಿಕ್ಕಿಕೊಂಡರೆ ಅವು ಹಿಂದೆ ಸರಿಯಲಾರವು. ಹಾಗೆ ಸಿಕ್ಕಿಕೊಂಡ ಮೀನನ್ನು ಹಿಡಿದು ಎಳೆಯಬಾರದು. ಮೀನು ಬೆಳೆದಂತೆ ಗುಹೆಯನ್ನೂ ಬದಲಿಸಬೇಕು.

ಗುಹೆಯ ಒಳಗೆ ಉಳಿದ ಆಹಾರ ಕೊಳೆತರೆ ಅಮೋನಿಯಾ ಏರುತ್ತದೆ. ವಾರಕ್ಕೊಮ್ಮೆ ನೀರು ಬದಲಿಸುವಾಗ ಗುಹೆಗಳೊಳಗಿನ ಕಸವನ್ನೂ ಕೊಳವೆಯಿಂದ ಹೀರಿ ತೆಗೆಯಬೇಕು. ಆಹಾರವನ್ನು ದೀಪ ಆರಿಸಿದ ಬಳಿಕ ಹಾಕಿದರೆ ಇತರ ಮೀನುಗಳ ಪಾಲಾಗದೆ ಇವುಗಳಿಗೆ ದಕ್ಕುತ್ತದೆ.

ಕೆರೆಗೆ ಬಿಡುವುದು ಸಲ್ಲದು

ತೊಟ್ಟಿಯ ಪಾಚಿ ತಿನ್ನುತ್ತದೆಂದು ಕೊಳ್ಳುವ ಸಕ್ಕರ್ ಫಿಶ್ ಕೂಡ ಕ್ಯಾಟ್‌ಫಿಶ್ ಬಳಗದ್ದೇ. ಎರಡು ಅಂಗುಲವಿದ್ದಾಗ ಮುದ್ದಾಗಿ ಕಾಣುವ ಇದು ಒಂದು ಅಡಿಗೂ ಮಿಗಿಲಾಗಿ ಬೆಳೆಯುತ್ತದೆ. ಆಗ ಯಾವ ಗುಹೆಯೂ ಸಾಲದು, ತೊಟ್ಟಿಯೂ ಸಾಲದು. ಬೇಸತ್ತವರು ಹತ್ತಿರದ ಕೆರೆಗೆ ಬಿಟ್ಟುಬಿಡುತ್ತಾರೆ. ಭಾರತದ ಹಲವು ರಾಜ್ಯಗಳ ಜಲಮೂಲಗಳಲ್ಲಿ ಈ ಮೀನು ಈಗಾಗಲೇ ನೆಲೆಯೂರಿದೆ. ಮೊಟ್ಟೆಯಿಡಲು ದಂಡೆಯ ಮಣ್ಣಿನಲ್ಲಿ ಬಿಲ ತೋಡುವುದರಿಂದ ದಂಡೆಗಳು ಕುಸಿಯುತ್ತವೆ. ಸ್ಥಳೀಯ ಮೀನುಗಳ ಆಹಾರಕ್ಕೂ ಕುತ್ತು ಬರುತ್ತದೆ. ತೊಟ್ಟಿಯಲ್ಲಿ ಗುಹೆ ಬಯಸುವ ಪ್ರವೃತ್ತಿಯೇ ಕೆರೆಯಲ್ಲಿ ದಂಡೆಗೆ ಕಂಟಕವಾಗುತ್ತದೆ.

ಆದ್ದರಿಂದ ಕ್ಯಾಟ್‌ಫಿಶ್ ಕೊಳ್ಳುವ ಮುನ್ನವೇ ಅದು ಎಷ್ಟು ಬೆಳೆಯುತ್ತದೆಂದು ಕೇಳಿ ತಿಳಿದು, ಅದಕ್ಕೆ ತಕ್ಕ ತೊಟ್ಟಿ ಮತ್ತು ಮರೆಯನ್ನು ಸಿದ್ಧಪಡಿಸುವುದು ಒಳಿತು. ಸಾಕಲಾಗದಿದ್ದಲ್ಲಿ ಮಳಿಗೆಗೆ ಹಿಂದಿರುಗಿಸಬೇಕು ಇಲ್ಲವೇ ದೊಡ್ಡ ತೊಟ್ಟಿಯುಳ್ಳವರಿಗೆ ನೀಡಬೇಕು. ಕೆರೆ, ನದಿಗಳಿಗೆ ಮಾತ್ರ ಬಿಡಬಾರದು.